ಗೌರವ್ವನ ರೊಟ್ಟಿ ಜಪಾನಿಗೆ ಹೋದದ್ದು

ಬಾಗೇವಾಡಿ, ಹೊರಡುವ ಮುಂಚೆ

ಜಪಾನಿಗೆ ಹೋಗಿ ಬಂದೆನೆಂದು ಗೊತ್ತಾದ ಮೇಲೆ ನಮ್ಮ ಓಣಿಯವರು ಕೇಳಿದ್ದು ಎರಡೇ ಪ್ರಶ್ನೆ. ಅಲ್ಲಿಯ ರೈಲು ಎಷ್ಟು ಜೋರಾಗಿ ಓಡುತ್ತದೆ, ಮತ್ತು ಊಟಕ್ಕೆ ಏನು ಮಾಡಿದಿರಿ. ರೈಲಿನ ವಿಷಯ ನನಗೆ ಹೆಚ್ಚು ತಿಳಿಯದು, ಹತ್ತಿದ ಕೂಡಲೇ ನಿದ್ದೆ ಹೋಗಿದ್ದೆ. ಊಟದ ವಿಷಯ ಹೇಳಬೇಕೆಂದರೆ ಗೌರವ್ವನಿಂದಲೇ ಶುರು ಮಾಡಬೇಕು. ತೊಂದರೆ ಏನೆಂದರೆ, ಹೊರಡುವ ಹೊತ್ತಿಗೆ ನಾನೂ ಗೌರವ್ವನೂ ಮಾತು ಬಿಟ್ಟಿದ್ದೆವು.

ನಾನು ಬಸವನ ಬಾಗೇವಾಡಿಯಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಹೋಗಿಬರುವ ವಿಜ್ಞಾನದ ಶಿಕ್ಷಕಿ. ನನ್ನ ಶಾಲೆ ಇರುವುದು ದೇವರ ಹಿಪ್ಪರಗಿ ಕಡೆಯ ಒಂದು ಹಳ್ಳಿಯಲ್ಲಿ. ಗೌರವ್ವ ಅದೇ ಹಳ್ಳಿಯವಳು, ವಯಸ್ಸಿನಲ್ಲಿ ನನಗಿಂತ ನಾಲ್ಕಾರು ವರ್ಷ ಹಿರಿಯಳು. ಊರಿನ ಹತ್ತು ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ಕಡಕ್ ರೊಟ್ಟಿ ಮಾಡಿ ಮಾರುವ ಸಂಘದ ಅಧ್ಯಕ್ಷೆ. ತಟ್ಟಿ, ಬೇಯಿಸಿ, ಮತ್ತೆ ಕಾವಿಗೆ ಒಡ್ಡಿ ಹಪ್ಪಳದಂತೆ ಮುರಿಯುವ ಹಾಗೆ ಮಾಡಿದ ಜೋಳದ ರೊಟ್ಟಿ ಅದು. ಆಕೆಯ ರೊಟ್ಟಿ ಸಿಂದಗಿ, ನಿಡಗುಂದಿ ದಾಟಿ ಪುಣೆಯ ಅಂಗಡಿಗಳವರೆಗೆ ಹೋಗುತ್ತಿತ್ತು. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಮೇಲೆ ಸಂಘದ ಹೆಸರು, ಅದರ ಕೆಳಗೆ ನಗುತ್ತಿರುವ ಗೌರವ್ವನ ಫೋಟೋ.

ಜಗಳ ಹುಟ್ಟಿದ್ದು ಆ ಫೋಟೋದಿಂದಲೇ. ಪರಿಸರದ ಪಾಠ ಮಾಡುವಾಗ ನಾನು ಮಕ್ಕಳಿಗೆ, ಊರಲ್ಲಿ ಬಿದ್ದ ಪ್ಲಾಸ್ಟಿಕ್ ಆರಿಸಿರಿ, ಅದು ಎಲ್ಲಿಂದ ಬಂತೆಂದು ಪತ್ತೆ ಹಚ್ಚಿರಿ ಎಂದಿದ್ದೆ. ಪತ್ತೆ ಹಚ್ಚುವುದೇನು ಬಂತು, ಎಲ್ಲ ಕಡೆಯೂ ಗೌರವ್ವನೇ ನಗುತ್ತಿದ್ದಳು. ಗಟಾರದಲ್ಲಿ, ಬೇಲಿಯಲ್ಲಿ, ಶಾಲೆಯ ಹಿಂದಿನ ಹಳ್ಳದಲ್ಲಿ. ಮಕ್ಕಳು ಒಂದು ಚೀಲ ತುಂಬಿಕೊಂಡು ಹೋಗಿ ಆಕೆಯ ಬಾಗಿಲಲ್ಲಿ ಸುರುವಿ, "ನಿಮ್ಮ ಫೋಟೋ ಐತ್ರಿ ಇದರ ಮ್ಯಾಲ. ನಿಮಗ ಕೊಡಾಕ ಬಂದೇವ್ರಿ" ಎಂದವು. ಎಲ್ಲರಿಗಿಂತ ಮುಂದೆ ನಿಂತು ಹೇಳಿದವಳು ಆಕೆಯ ಸ್ವಂತ ಮೊಮ್ಮಗಳು ಅಕ್ಷತಾ.

ಮರುದಿನ ಗೌರವ್ವ ಶಾಲೆಗೆ ಬಂದಳು. ಬೈಯಲಿಲ್ಲ, ಕೂಗಾಡಲಿಲ್ಲ. "ಅಕ್ಕೋರ, ನೀವು ಪಾಠ ಕಲಸ್ರಿ, ಬ್ಯಾಡ ಅನ್ನೂದಿಲ್ಲ. ನನ್ನ ಮಾರಿ ಗಟಾರದಾಗಿಂದ ತಗದು ಊರ ತುಂಬಾ ಮೆರವಣಿಗಿ ಮಾಡಬ್ಯಾಡ್ರಿ" ಎಂದಳು. ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. "ಗಟಾರದಾಗ ಒಗದವರು ನಮ್ಮ ಹುಡುಗರು ಅಲ್ಲಲ್ರೀ ಗೌರವ್ವ" ಎಂದೆ. ಅಲ್ಲಿಗೆ ಮಾತು ಮುಗಿಯಿತು.

ಆದರೆ ಊರಲ್ಲಿ ಮುಗಿಯಲಿಲ್ಲ. ಮಕ್ಕಳ ಹಟಕ್ಕೆ ದೊಡ್ಡವರೂ ಸೋತು, ಇನ್ನು ಊರೊಳಗೆ ಪ್ಲಾಸ್ಟಿಕ್ ಪ್ಯಾಕೆಟ್ ಕಟ್ಟುವುದು ಬೇಡವೆಂದು ಮಾತಾಯಿತು. ಬರೀ ಕಾಗದದಲ್ಲಿ ಕಟ್ಟಿದರೆ ಈ ರೊಟ್ಟಿ ಮಳೆಗಾಲದ ಹವೆಗೆ ಮೆತ್ತಗಾಗುತ್ತದೆ, ಇಲ್ಲವೇ ದಾರಿಯಲ್ಲೇ ಪುಡಿಯಾಗುತ್ತದೆ. ಸಂಘದ ಹೆಂಗಸರು ಗೌರವ್ವನನ್ನು ನಡುವೆ ಕೂರಿಸಿಕೊಂಡು ಕೇಳಿದ್ದು ಒಂದೇ ಮಾತು: ಪ್ಲಾಸ್ಟಿಕ್ ಬಿಡುವುದೋ, ರೊಟ್ಟಿಯನ್ನೇ ಬಿಡುವುದೋ? ಜಪಾನಿಗೆ ಹೋಗಿ ಬಂದ ಮೇಲೆ ಹೇಳುತ್ತೇನೆ ಎಂದು ಆಕೆ ಮಾತು ಕೊಟ್ಟಿದ್ದಳು.

ಜಪಾನ್ ಬಂದದ್ದು ಹೀಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಕೆಲಸ ಮಾಡುವ ಒಂದು ಸಂಸ್ಥೆ, ಪರಿಸರ ಕಲಿಸುವವರನ್ನೂ ಊರಲ್ಲೇ ಉದ್ಯೋಗ ಮಾಡುವವರನ್ನೂ ಕೂಡಿಸಿ ಒಂದು ಜಪಾನಿ ಹಳ್ಳಿ ತೋರಿಸುವುದಾಗಿ ಹೇಳಿತು. ಸಿಂದಗಿಯವರಿಗೆ ಪಾಸ್‌ಪೋರ್ಟ್ ಸಮಯಕ್ಕೆ ಬರಲಿಲ್ಲ. ಮುದ್ದೇಬಿಹಾಳದವರ ಮಗಳ ಹೆರಿಗೆ ಹತ್ತಿರ ಬಂತು. ಉಳಿದವರು ಮೂವರು: ಇಂಡಿಯ ಲಿಂಬೆ ತೋಟದ ಸಿದ್ದಪ್ಪ ಕಾಕಾ, ನಾನು, ಮತ್ತು ನನ್ನೊಡನೆ ಮಾತಾಡದ ಗೌರವ್ವ. ಹೆಂಗಸರಿಬ್ಬರೇ ಎಂದು ನಮ್ಮಿಬ್ಬರಿಗೂ ಎಲ್ಲ ಕಡೆ ಒಂದೇ ಕೋಣೆ ಕೊಟ್ಟರು.

ಒಸಾಕಾ

ವಿಮಾನ ಇಳಿದ ಕೂಡಲೇ ಸಿದ್ದಪ್ಪ ಕಾಕಾ ಸಿಕ್ಕಿಬಿದ್ದರು. ಅವರ ಚೀಲದ ತಳದಲ್ಲಿ, ಧೋತರದಲ್ಲಿ ಸುತ್ತಿಟ್ಟ ಇಂಡಿ ಲಿಂಬೆಕಾಯಿಗಳಿದ್ದವು. ಹಸಿ ಹಣ್ಣು ಒಳಗೆ ಬಿಡುವಂತಿಲ್ಲ ಎಂದು ಬಿಳಿ ಕೈಗವಸು ತೊಟ್ಟ ಅಧಿಕಾರಿ ಬಗ್ಗಿ ಬಗ್ಗಿ ಕ್ಷಮೆ ಕೇಳಿದ. ಕಾಕಾ ಒಂದನ್ನು ಉಗುರಿನಿಂದ ಗೀರಿ ಅವನ ಮೂಗಿನ ಹತ್ತಿರ ಹಿಡಿದು, "ತಮ್ಮಾ, ಕಸಗೊಳ್ಳೂದಾದ್ರ ಕಸಗೋ. ವಾಸನಿ ಒಂದಿಷ್ಟು ತಗೊಂಡು ಕಸಗೋ" ಎಂದರು. ಆ ಹುಡುಗ ಕನ್ನಡ ತಿಳಿಯದಿದ್ದರೂ ಕಣ್ಣು ಮುಚ್ಚಿ ವಾಸನೆ ತೆಗೆದುಕೊಂಡ. ಆಮೇಲೆ ಎಲ್ಲವನ್ನೂ ಪೆಟ್ಟಿಗೆಗೆ ಹಾಕಿದ. ಕಾಕಾ ಹೊರಗೆ ಬಂದು, "ಹುಡುಗ ಚಲೋ ಇದ್ದ" ಎಂದರು.

ಗೌರವ್ವನ ಒಂದು ಇಡೀ ಪೆಟ್ಟಿಗೆ ತುಂಬಾ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

ನಮ್ಮ ಜೊತೆಗೆ ಇದ್ದ ದುಭಾಷಿ ಮಿಕಿ ಎಂಬ ಹುಡುಗಿ ಕಾಲೇಜಿನಲ್ಲಿ ಹಿಂದಿ ಕಲಿತವಳು. ಆಕೆಯದು ಪುಸ್ತಕದ ಹಿಂದಿ, ನಮ್ಮದು ವಿಜಯಪುರದ ಸಂತೆಯಲ್ಲಿ ಕಲಿತ ಹಿಂದಿ. ಮೊದಲ ದಿನ ಎರಡೂ ಒಂದಕ್ಕೊಂದು ಗುರುತು ಹಿಡಿಯಲಿಲ್ಲ. ಆಮೇಲೆ ಮಿಕಿಯೇ ನಮ್ಮ ದಾರಿಗೆ ಬಂದು, ಹೊರಡುವ ದಿನದ ಹೊತ್ತಿಗೆ ಬೇಡ ಎನ್ನಲು "ನಕ್ಕೋ, ನಕ್ಕೋ" ಎನ್ನುತ್ತಿದ್ದಳು.

ಸಂಜೆ ನೀರು ಕೊಳ್ಳಲು ಒಂದು ಅಂಗಡಿ ಹೊಕ್ಕೆವು. ಅಲ್ಲಿ ನನ್ನ ನೀರು ಇಳಿಯಿತು. ಬಿಸ್ಕೀಟಿನ ಪುಡಿಕೆ ಬಿಚ್ಚಿದರೆ ಒಳಗೆ ಪ್ರತಿ ಬಿಸ್ಕೀಟಿಗೂ ಬೇರೆ ಬೇರೆ ಪ್ಲಾಸ್ಟಿಕ್ ಅಂಗಿ. ಒಂದೊಂದೇ ಬಾಳೆಹಣ್ಣಿಗೂ ಪ್ಲಾಸ್ಟಿಕ್. ದೇವರು ಕೊಟ್ಟ ಸಿಪ್ಪೆ ಇವರಿಗೆ ಸಾಲದು. ಗೌರವ್ವ ಒಂದು ಬಾಳೆಹಣ್ಣನ್ನು ಎತ್ತಿ ಹಿಡಿದು ಅದರ ಹಿಂದೆ ಮುಂದೆ ನೋಡಿದಳು. ಎರಡು ತಿಂಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅಲ್ಲಿ ಬಂತು.

"ಅಕ್ಕೋರ, ನೀವು ನಮ್ಮ ಹುಡುಗರನ್ನೂ ಕರಕೊಂಡು ಬರಬೇಕಿತ್ತು. ಇಷ್ಟೂ ಆರಸಾಕ ಎಷ್ಟು ಚೀಲ ಬೇಕಾಗ್ತಿದ್ದುವ್ರಿ?"

ಆಕೆ ಆ ಹಣ್ಣು ಕೊಂಡು, ಬೀದಿಯಲ್ಲಿ ತಿಂದು, ಸಿಪ್ಪೆ ಹಾಕಲು ಡಬ್ಬಿ ಹುಡುಕಿದಳು. ಆ ಊರಿನ ಬೀದಿಗಳಲ್ಲಿ ಕಸದ ಡಬ್ಬಿಯೇ ಇಲ್ಲ. ಕಸವೂ ಇಲ್ಲ. ಎಲ್ಲರೂ ತಮ್ಮ ಕಸ ತಾವೇ ಮನೆಗೆ ಒಯ್ಯುತ್ತಾರಂತೆ. ಎಲ್ಲೆಲ್ಲೋ ತಿರುಗಿ ವಸತಿಗೃಹ ಮುಟ್ಟುವವರೆಗೆ ಗೌರವ್ವ ಆ ಸಿಪ್ಪೆಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ನಡೆದಳು. ನನ್ನ ಕರವಸ್ತ್ರ ಕೊಡಲು ಹೋದೆ. ಬೇಡವೆಂದಳು. ಆದರೆ "ಬ್ಯಾಡ್ರಿ" ಎಂದಳು, ಬರೀ ತಲೆ ಅಲ್ಲಾಡಿಸಲಿಲ್ಲ. ನನಗೆ ಅಷ್ಟೇ ದೊಡ್ಡದೆನಿಸಿತು.

ಗುಡ್ಡದ ಊರು

ನಾವು ಹೋಗಬೇಕಾದ ಹಳ್ಳಿ ಶಿಕೊಕು ಎಂಬ ದ್ವೀಪದ ಗುಡ್ಡಗಳ ನಡುವೆ ಇತ್ತು. ನಮ್ಮ ಕಡೆ ನೋಡಿದಲ್ಲೆಲ್ಲ ಬಯಲು, ಕರಿ ನೆಲ, ದೂರದಲ್ಲಿ ಬರುವ ಬಸ್ಸಿನ ಧೂಳು ಊರಿಗೆ ಮೊದಲೇ ಸುದ್ದಿ ಕೊಡುತ್ತದೆ. ಇಲ್ಲಿ ಎದುರಿನ ಮನುಷ್ಯ ತಿರುವು ದಾಟಿ ಮೈಮೇಲೆ ಬಂದ ಮೇಲೆಯೇ ಕಾಣುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಜಿನುಗು ಮಳೆ. "ಇಷ್ಟು ನೀರು ಇಂಡಿಗೆ ಬಂದ್ರ ನಾನು ದೇವರಿಗೆ ಸಾಕಪಾ ಅಂತಿದ್ದೆ" ಎಂದರು ಸಿದ್ದಪ್ಪ ಕಾಕಾ.

ನಮಗೆ ಮನೆ ಕೊಟ್ಟವರು ಫುಮಿ ಎಂಬ ಅಜ್ಜಿ. ಎಪ್ಪತ್ತು ದಾಟಿದ, ಬೆನ್ನು ಸ್ವಲ್ಪ ಬಾಗಿದ, ಓಡಾಡುವುದನ್ನು ನೋಡಿದರೆ ಹದಿನೆಂಟರ ಹುಡುಗಿ ಅನಿಸುವ ಹೆಂಗಸು. ಗೌರವ್ವ ಮೊದಲ ದಿನವೇ ಆಕೆಗೆ "ಫುಮವ್ವ" ಎಂದು ಹೆಸರಿಟ್ಟಳು. ಆಕೆಯೂ ಅದಕ್ಕೆ ಓಗೊಟ್ಟಳು.

ರಾತ್ರಿ ಊಟಕ್ಕೆ ಕೂತಾಗ ಪೇಚಾಟ. ನಾವು ಮೂವರೂ ಮೀನು ಮಾಂಸ ಮುಟ್ಟದವರು. ಮಿಕಿ ಅದನ್ನು ಹೇಳಿದ್ದಳು, ಫುಮಿ ಅಜ್ಜಿ ಮೀನಿನ ತುಂಡು ಹಾಕಿರಲೂ ಇಲ್ಲ. ಆದರೆ ಸಾರಿನ ನೀರೇ ಒಣಮೀನಿನದು. ಅವರ ಲೆಕ್ಕದಲ್ಲಿ ಅದು ನೀರು, ಮೀನಲ್ಲ. ನಮ್ಮಲ್ಲಿ ಬೇಳೆ ಬಸಿದ ಕಟ್ಟನ್ನು ಯಾರಾದರೂ ಬೇಳೆ ಅನ್ನುತ್ತಾರೆಯೇ, ಹಾಗೆ. ಒಂದು ಚಮಚ ಬಾಯಿಗಿಟ್ಟ ಸಿದ್ದಪ್ಪ ಕಾಕಾ ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣು ಕಣ್ಣು ಬಿಟ್ಟರು. ಅಜ್ಜಿಗೆ ಸಂಗತಿ ತಿಳಿದಾಗ ಮುಖ ಸಣ್ಣದಾಯಿತು. ಗೌರವ್ವ ಎದ್ದು ತನ್ನ ಪೆಟ್ಟಿಗೆ ತೆರೆದು, ರೊಟ್ಟಿ ಮತ್ತು ಚಟ್ನಿ ತಂದು ಎಲ್ಲರ ಮುಂದೆ ಇಟ್ಟಳು, ನನ್ನ ಮುಂದೆಯೂ. ಅಜ್ಜಿ ಒಂದು ತುಂಡು ಮುರಿದಾಗ ಬಂದ ಸದ್ದಿಗೆ ತಾನೇ ನಕ್ಕಳು. ಕರುಂ ಕುರುಂ ಎಂದು ಇಡೀ ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದಳು.

ಆ ರಾತ್ರಿಯಿಂದ ನಮ್ಮ ಮೂವರ ಹೊಟ್ಟೆ ಗೌರವ್ವನ ಪೆಟ್ಟಿಗೆಯ ಕೈಯಲ್ಲಿತ್ತು. ಶಾಲೆಯಲ್ಲಿ ಆ ಪ್ಯಾಕೆಟ್ಟುಗಳ ವಿರುದ್ಧ ಭಾಷಣ ಮಾಡಿದವಳು ಅದೇ ಪ್ಯಾಕೆಟ್ ಬಿಚ್ಚಿ ತಿನ್ನುತ್ತಿದ್ದೆ. ಫೋಟೋದ ಗೌರವ್ವ ನನ್ನನ್ನು ನೋಡಿ ನಗುತ್ತಿದ್ದಳು, ಎದುರಿಗೆ ಕೂತ ಗೌರವ್ವ ನಗುತ್ತಿರಲಿಲ್ಲ.

ಕಸದ ಮನೆ

ಆ ಹಳ್ಳಿಯ ಹೆಸರು ಹೊರಗಿನವರಿಗೆ ಗೊತ್ತಾದದ್ದು ಅದರ ಕಸದಿಂದ. ಕಸ ಒಯ್ಯುವ ಗಾಡಿ ಅಲ್ಲಿಗೆ ಬರುವುದಿಲ್ಲ. ಪ್ರತಿ ಮನೆಯವರೂ ತಮ್ಮ ಕಸ ತೊಳೆದು, ಒಣಗಿಸಿ, ಊರ ನಡುವಿನ ದೊಡ್ಡ ಮನೆಗೆ ತಂದು ಬೇರೆ ಬೇರೆ ಪೆಟ್ಟಿಗೆಗಳಿಗೆ ಹಾಕುತ್ತಾರೆ. ಬಾಟಲಿ ಬೇರೆ, ಅದರ ಮುಚ್ಚಳ ಬೇರೆ, ಅದಕ್ಕೆ ಅಂಟಿಸಿದ ಚೀಟಿ ಬೇರೆ. ಶಾಲೆಯ ಮಕ್ಕಳು ಪಾಳಿಯ ಮೇಲೆ ಬಂದು ಮುದುಕರಿಗೆ ನೆರವಾಗುತ್ತಾರೆ. ಯಾವುದು ಯಾವ ಪೆಟ್ಟಿಗೆ ಎಂದು ತಾತಂದಿರಿಗೆ ಗದರಿಸಿ ಹೇಳುತ್ತಾರೆ.

ನನಗೆ ಹಬ್ಬವೇ ಆಯಿತು. ಎಲ್ಲವನ್ನೂ ಫೋಟೋ ಹೊಡೆದೆ. ನಮ್ಮ ಶಾಲೆಯ ಹಿಂದೆ ಇಂಥದೊಂದು ಕಸದ ಮನೆ ಕಟ್ಟಿಸಿದ ಹಾಗೆ, ಮೇಲಿನವರು ಬಂದು ಬೆನ್ನು ತಟ್ಟಿದ ಹಾಗೆ ಅಲ್ಲೇ ನಿಂತು ಕನಸು ಕಂಡೆ. ಗೌರವ್ವ ಮಾತ್ರ ಒಂದೊಂದು ಪೆಟ್ಟಿಗೆಯಲ್ಲೂ ಇಣುಕುತ್ತಾ ಹೋದಳು. ಕೊನೆಗೆ ಮಕ್ಕಳ ಜೊತೆ ಬಂದಿದ್ದ ಮಾಸ್ತರರನ್ನು ಮಿಕಿಯ ಮೂಲಕ ಕೇಳಿದಳು, "ತಿನ್ನೂ ಪದಾರ್ಥ ಮೆತ್ತಗ ಆಗದಂಗ ಕಟ್ಟೂದು, ಪ್ಲಾಸ್ಟಿಕ್ ಅಲ್ಲದ್ದು, ನಿಮ್ಮ ಕಡೆ ಏನರ ಐತೇನ್ರಿ?"

ಮಾಸ್ತರರು ಬಹಳ ಯೋಚಿಸಿ, ಇಲ್ಲ ಎಂದರು. ಅವರಿಗೂ ಪ್ಲಾಸ್ಟಿಕ್ಕೇ ಬರುತ್ತದೆ. ಬಂದದ್ದನ್ನು ತೊಳೆದು ಬೇರೆ ಮಾಡುತ್ತಾರೆ, ಅಷ್ಟೇ. ಏನೋ ಒಂದು ಹೊಸ ಹಾಳೆ ಬಂದಿದೆಯಂತೆ, ಅದು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಎಟಕುವಂಥದ್ದು.

ವಾಪಸು ಬರುವಾಗ ಆಕೆ ಕೊಡೆ ಬಿಚ್ಚುವುದನ್ನೂ ಮರೆತು ನಡೆಯುತ್ತಿದ್ದಳು. ಅಷ್ಟು ದೂರ ಬಂದದ್ದು ಆ ಒಂದು ಉತ್ತರಕ್ಕೆ. ನಾನು ಹೋಗಿ ನನ್ನ ಕೊಡೆಯನ್ನು ಅರ್ಧ ಆಕೆಯ ಮೇಲೆ ಹಿಡಿದೆ. ಒಂದಿಷ್ಟು ದೂರ ನಡೆದ ಮೇಲೆ ಆಕೆ ಅಂದಳು: "ಅಕ್ಷತಾ ಫೋನ್ ಮಾಡಿದ್ಲ್ರಿ. ಅಜ್ಜಿ, ಸಿಕ್ತೇನು ಅಂತ ಕೇಳಾಕತ್ತಾಳ. ಏನಂತ ಹೇಳ್ಲಿ?"

"ಇನ್ನೂ ನೋಡಾಕತ್ತೇವಿ ಅಂತ ಹೇಳ್ರಿ" ಎಂದೆ. "ನೋಡಾಕತ್ತೇವಿ" ಎಂಬುದು ನನ್ನ ಬಾಯಿಂದ ತಾನಾಗಿ ಬಂತು. ಆಕೆ ನನ್ನ ಕಡೆ ಒಮ್ಮೆ ತಿರುಗಿ ನೋಡಿದಳು.

ಬಟ್ಟಲು ಹೋಗಿ ಬಂದದ್ದು

ಇದರ ನಡುವೆ ಮನೆಯಲ್ಲಿ ಇನ್ನೊಂದು ಪ್ರಸಂಗ ಬೆಳೆಯುತ್ತಿತ್ತು. ಮೊದಲ ರಾತ್ರಿಯೇ ಗೌರವ್ವ ಫುಮಿ ಅಜ್ಜಿಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿ ಕೊಟ್ಟಿದ್ದಳು. ಬೆಳಿಗ್ಗೆ ಅದು ತೊಳೆದು, ಉಪ್ಪಿನಲ್ಲಿಟ್ಟ ಮೂಲಂಗಿ ತುಂಬಿದ ಒಂದು ಪಿಂಗಾಣಿ ಬಟ್ಟಲಿನ ಜೊತೆ ಬಂತು. ನಮ್ಮ ಕಡೆ ಇನ್ನೊಬ್ಬರ ಮನೆಯ ಪಾತ್ರೆ ಖಾಲಿ ಕೊಡುವ ಪದ್ಧತಿ ಇಲ್ಲವಲ್ಲ. ಗೌರವ್ವ ಆ ಬಟ್ಟಲಿಗೆ ಶೇಂಗಾ ಹೋಳಿಗೆ ಹಾಕಿ ಕೊಟ್ಟಳು. ಸಂಜೆಗೆ ಅಜ್ಜಿ ಸಿಹಿಗೆಣಸು ತಂದಳು. ಗೌರವ್ವ ಕರದಂಟು ಕೊಟ್ಟಳು. ಅಜ್ಜಿ ಒಂದು ಕೈವಸ್ತ್ರ ಕೊಟ್ಟಳು. ಗೌರವ್ವ ಯೋಚಿಸಿ ಯೋಚಿಸಿ ಸೊಸೆಗೆಂದು ಇಟ್ಟಿದ್ದ ಗುಳೇದಗುಡ್ಡದ ಕುಪ್ಪಸದ ಖಣ ಕೊಟ್ಟಳು. ಅಜ್ಜಿ ಮರದ ಬಾಚಣಿಗೆ ತಂದಳು.

"ಈ ಮುದುಕಿ ನನ್ನ ಬರಿಗೈ ಮಾಡಿ ಕಳಸ್ತಾಳ" ಎಂದು ಗೌರವ್ವ ಪೆಟ್ಟಿಗೆಯ ತಳ ಕೆದಕತೊಡಗಿದಳು. ನನ್ನ ಹತ್ತಿರ ಏನಾದರೂ ಇದೆಯೇ ಎಂದು ಕೇಳಿದಳು. ನನ್ನ ಊದಿನಕಡ್ಡಿ ಕಟ್ಟು ಹೋಯಿತು. ಸಿದ್ದಪ್ಪ ಕಾಕಾ ತಮ್ಮ ಹೊಸ ಟವೆಲ್ಲನ್ನು ತಲೆದಿಂಬಿನ ಕೆಳಗೆ ಬಚ್ಚಿಟ್ಟುಕೊಂಡರು.

ಮಿಕಿ ಒಂದು ದಿನ ಬಂದು ನಗು ತಡೆಯಲಾರದೆ ಹೇಳಿದಳು: ಫುಮಿ ಅಜ್ಜಿ ಪಕ್ಕದ ಮನೆಯವರ ಹತ್ತಿರ, ಏನಾದರೂ ಇದ್ದರೆ ಕೊಡಿ, ಈ ಇಂಡಿಯಾದ ಹೆಂಗಸು ನಿಲ್ಲಿಸುತ್ತಲೇ ಇಲ್ಲ ಎಂದು ಗೋಳಾಡುತ್ತಿದ್ದಾಳೆ. ಅವರಲ್ಲೂ ಏನಾದರೂ ಬಂದರೆ ಮರಳಿ ಕೊಡಲೇಬೇಕಂತೆ. ಕೊಡದಿದ್ದರೆ ಊರಲ್ಲಿ ತಲೆ ಎತ್ತುವ ಹಾಗಿಲ್ಲವಂತೆ. ನಾವು ಇಬ್ಬರನ್ನೂ ಎದುರುಬದುರು ಕೂರಿಸಿ ವಿಷಯ ಹೇಳಿದೆವು. ಒಬ್ಬರ ಮುಖ ಒಬ್ಬರು ನೋಡಿ, ಇಬ್ಬರೂ ಸೊಂಟ ಹಿಡಿದುಕೊಂಡು ನಕ್ಕರು. ಅಜ್ಜಿ ಎರಡೂ ಕೈ ಎತ್ತಿ ಸೋತೆ ಎಂದಳು. ಗೌರವ್ವನೂ ಎತ್ತಿದಳು. ಭಾಷೆ ಬಾರದ ಇಬ್ಬರು ಹೆಂಗಸರು ಇಷ್ಟು ಜಗಳಾಡಿ ಇಷ್ಟು ಬೇಗ ರಾಜಿಯಾದದ್ದು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಾವು ಒಂದೇ ಭಾಷೆಯವರು ಇನ್ನೂ ಒದ್ದಾಡುತ್ತಿದ್ದೆವು.

ಅಕ್ಕಿ ಬಿಲ್ಲೆಯ ಅಂಗಡಿ

ಅದೇ ದಿನ ಮಧ್ಯಾಹ್ನ ದೊಡ್ಡ ಅನಾಹುತ ಆಯಿತು. ಆ ಜಿನುಗು ಮಳೆಯ ಹವೆಗೆ ಬಿಚ್ಚಿದ ಪ್ಯಾಕೆಟ್ಟಿನ ರೊಟ್ಟಿಗಳೆಲ್ಲ ಮೆತ್ತಗಾಗಿಬಿಟ್ಟವು. ಮೆತ್ತಗಾದ ಕಡಕ್ ರೊಟ್ಟಿಯನ್ನು ತಿಂದವರಿಗೇ ಗೊತ್ತು, ಚಪ್ಪಲಿಯ ತೊಗಲು ಜಗಿದ ಹಾಗೆ. ಸಿದ್ದಪ್ಪ ಕಾಕಾ ಒಂದನ್ನು ಎರಡೂ ಕೈಯಿಂದ ಜಗ್ಗಿ ನೋಡಿ ಕೈ ಚೆಲ್ಲಿದರು. ಗೌರವ್ವನ ಕಣ್ಣಲ್ಲಿ ನೀರು ಬಂತು. ಹಸಿವಿಗಲ್ಲ. ಆಕೆಯ ರೊಟ್ಟಿ ಆಕೆಯ ಕಣ್ಣೆದುರಿಗೆ ಹಾಗಾಗಿದ್ದು ಅದೇ ಮೊದಲಂತೆ.

ಫುಮಿ ಅಜ್ಜಿ ಬಂದು ನೋಡಿದಳು. ರೊಟ್ಟಿಗಳನ್ನೆಲ್ಲ ಎತ್ತಿಕೊಂಡು, ಗೌರವ್ವನ ಕೈ ಹಿಡಿದು ಎಳೆದುಕೊಂಡು ಹೊರಟಳು. ನಾವೂ ಹಿಂದೆ ಓಡಿದೆವು. ನಾಲ್ಕು ಮನೆ ಆಚೆ ಒಂದು ಅಂಗಡಿ. ಒಳಗೆ ಅಜ್ಜಿಯ ವಾರಗೆಯ ಏಳೆಂಟು ಮುದುಕಿಯರು ಕೆಂಡದ ಮೇಲೆ ತಂತಿಯ ಜಾಲರಿ ಇಟ್ಟು ಅಕ್ಕಿ ಹಿಟ್ಟಿನ ಬಿಲ್ಲೆಗಳನ್ನು ಸುಡುತ್ತಿದ್ದರು. ಸುಟ್ಟಾದ ಬಿಲ್ಲೆ ನಮ್ಮ ರೊಟ್ಟಿಯ ಹಾಗೆಯೇ ಕರುಂ ಎನ್ನುತ್ತದೆ. ಫುಮಿ ಅಜ್ಜಿ ಇಂಥದೊಂದು ಸಂಘದ ಯಜಮಾನತಿ ಎಂದು ನಮಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಕಸದ ಮನೆ ತೋರಿಸುವ ಗಡಿಬಿಡಿಯಲ್ಲಿ ಮುದುಕಿಯರ ಅಂಗಡಿ ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ಅಜ್ಜಿ ನಮ್ಮ ರೊಟ್ಟಿಗಳನ್ನು ಜಾಲರಿಯ ಮೇಲೆ ಹದವಾಗಿ ಕಾಯಿಸಿ, ಆರಿಸಿ, ಒಂದು ದೊಡ್ಡ ಚೌಕ ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಳವನ್ನು ಗಟ್ಟಿಯಾಗಿ ಒತ್ತಿದಳು. ನಮ್ಮ ಕಡೆ ಎಣ್ಣೆ ಬರುವ ಡಬ್ಬಿಯ ಅಣ್ಣನೋ ತಮ್ಮನೋ ಆಗಬೇಕು ಅದು. ಗೋಡೆಯುದ್ದಕ್ಕೂ ಅಂಥವೇ ಡಬ್ಬಿಗಳು, ಕೆಲವು ಎಷ್ಟು ಹಳೆಯವೆಂದರೆ ಮೂಲೆಗಳು ಸವೆದು ಬೆಳ್ಳಿಯಂತೆ ಹೊಳೆಯುತ್ತಿದ್ದವು.

ಗೌರವ್ವ ಮಿಕಿಯನ್ನು ಕೂರಿಸಿಕೊಂಡು ಕೇಳತೊಡಗಿದಳು. ಉತ್ತರಗಳು ಹೀಗೆ ಬಂದವು. ಬಿಲ್ಲೆ ಡಬ್ಬಿಯಲ್ಲೇ ಅಂಗಡಿಗಳಿಗೆ ಹೋಗುತ್ತದೆ. ಕೊಳ್ಳುವವರು ಅಲ್ಲಿ ತಮಗೆ ಬೇಕಾದಷ್ಟು ತೆಗೆದುಕೊಳ್ಳುತ್ತಾರೆ. ಖಾಲಿಯಾದ ಡಬ್ಬಿ ಬಸ್ಸಿನಲ್ಲಿ ಬರುತ್ತದೆ, ಇಲ್ಲವೇ ಶಾಲೆ ಬಿಟ್ಟ ಮಕ್ಕಳು ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ಮೊದಲು ಪಟ್ಟಣದ ದೊಡ್ಡ ಅಂಗಡಿಯೊಂದು ಇವರ ಬಿಲ್ಲೆ ಕೊಳ್ಳುತ್ತಿತ್ತು. ಒಂದೊಂದು ಬಿಲ್ಲೆಗೂ ಪ್ಲಾಸ್ಟಿಕ್ ಸುತ್ತಿ ಕೊಡಿ ಎಂದರು. ಸುತ್ತಿದರು. ಆಮೇಲೆ ಊರಲ್ಲಿ ಕಸ ತೊಳೆಯುವ ಪದ್ಧತಿ ಬಂತು, ತಾವು ಸುತ್ತಿದ್ದನ್ನು ತಾವೇ ಕೂತು ತೊಳೆಯುವ ಪಾಳಿ ಬಂತು. ಒಂದು ದಿನ ಇನ್ನು ಸಾಕೆಂದು ದೊಡ್ಡ ಅಂಗಡಿಗೆ ಕೈ ಮುಗಿದರು.

"ಡಬ್ಬಿ ಎಷ್ಟು ದೂರ ಹೋಗಿ ತಿರುಗಿ ಬರುತ್ತದೋ ಅಷ್ಟೇ ನಮ್ಮ ಅಂಗಡಿ ಎನ್ನುತ್ತಾರೆ ಇವರು" ಎಂದಳು ಮಿಕಿ.

"ಆ ಗಿರಾಕಿ ಬಿಟ್ಟ ಮ್ಯಾಲ ನುಕಸಾನ ಆಗ್ಲಿಲ್ಲೇನು?"

ಆಗಿತ್ತು. ಕೆಲವರು ಸಂಘ ಬಿಟ್ಟರು. ಫುಮಿ ಅಜ್ಜಿಯ ಸ್ವಂತ ತಂಗಿ ಬಿಟ್ಟಳು. ಪಕ್ಕದ ಓಣಿಯಲ್ಲೇ ಇದ್ದಾಳೆ, ಇವತ್ತಿಗೂ ಅಕ್ಕನ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸುತ್ತಾಳೆ. ಅದನ್ನು ಹೇಳುವಾಗ ಅಜ್ಜಿ ಜಾಲರಿಯ ಮೇಲಿನ ಬಿಲ್ಲೆಗಳನ್ನು ಸುಮ್ಮಸುಮ್ಮನೆ ತಿರುವಿ ಹಾಕುತ್ತಿದ್ದಳು.

ಸಂಜೆ ಮನೆಯ ಹಜಾರದಲ್ಲಿ ಮಳೆ ನೋಡುತ್ತಾ ಕೂತಿದ್ದೆವು. ಗೌರವ್ವ ಡಬ್ಬಿಯಿಂದ ಒಂದು ರೊಟ್ಟಿ ತೆಗೆದು ಮುರಿದಳು. ಕಟ್ ಎಂದಿತು. ಅರ್ಧ ನನಗೆ ಕೊಟ್ಟಳು.

"ಪುಣೆದ ಗಿರಾಕಿ ಹೋತ್ರಿ ಅಕ್ಕೋರ" ಎಂದಳು.

"ಹೋಗೂದಿಲ್ಲ. ಏನರ ಮಾಡೂಣು."

"ಇಲ್ಲರೀ. ಪುಣೆಕ್ಕ ಹೋದ ಡಬ್ಬಿ ತಿರುಗಿ ಬರೂದಿಲ್ಲ. ನನಗ ಗೊತ್ತೈತಿ." ಮಡಿಲಿಗೆ ಬಿದ್ದ ರೊಟ್ಟಿಯ ಚೂರುಗಳನ್ನು ಆರಿಸುತ್ತಾ ಹೇಳಿದಳು: "ಆ ಫೋಟೋ ತಗಸೂವಾಗ ನಾನು ನನ್ನ ಮದುವಿ ಇಳಕಲ್ ಸೀರಿ ಉಟ್ಟಿದ್ದೆ. ವಿಜಯಪುರ ದಾಟಿ ಹೋದಾಕಿ ಅಲ್ಲ ನಾನು. ನನ್ನ ಮಾರಿ ಪುಣೆಕ್ಕ ಹೋಗ್ತೈತಿ ಅಂತ ಎಷ್ಟು ಸಂತೋಷ ಆಗಿತ್ತು ಗೊತ್ತೇನ್ರಿ? ಅದನ್ನ ಹುಡುಗರು ಗಟಾರದಾಗಿಂದ ತಂದು ಸುರುವಿದ್ರು. ಪ್ಲಾಸ್ಟಿಕ್ ಕೆಟ್ಟದ್ದು ಅಂತ ನನಗೂ ತಿಳಿತೈತಿ. ಆದ್ರ ಹೊಟ್ಟ್ಯಾಗ ಬೆಂಕಿ ಬಿದ್ದಂಗಾತು."

ಇಷ್ಟು ದಿನ ಆ ಪ್ಯಾಕೆಟ್ಟಿನಲ್ಲಿ ನಾನು ನೋಡಿದ್ದು ಪ್ಲಾಸ್ಟಿಕ್ ಮಾತ್ರ. ಆ ಸೀರೆಯನ್ನು ನೋಡಿರಲಿಲ್ಲ. ಆಕೆಯ ಕೈ ಹಿಡಿದುಕೊಂಡೆ. ರೊಟ್ಟಿ ತಟ್ಟಿ ತಟ್ಟಿ ಅಂಗೈ ಹಲಗೆಯಂತಾಗಿತ್ತು. ಆ ಹೊತ್ತಿನಲ್ಲಿ ಆ ಹೆಂಗಸಿನ ಮೇಲೆ ನನಗೆ ಬಂದ ಪ್ರೀತಿಯನ್ನು ಹೇಗೆ ಹೇಳುವುದೋ ತಿಳಿಯದೆ, ರೊಟ್ಟಿ ಬಹಳ ಚಲೋ ಆಗಿದೆ ಎಂದೆ. "ಅದು ನನಗ ಗೊತ್ತೈತಿ ಬಿಡ್ರಿ" ಎಂದಳು.

ಮತ್ತೆ ಊರು

ಬಂದ ವಾರವೇ ಗೌರವ್ವನ ಅಂಗಳದಲ್ಲಿ ಸಂಘದ ಹೆಂಗಸರು ಕೂಡಿದರು. ನನ್ನನ್ನೂ ಕರೆದಿದ್ದಳು. ಜಪಾನಿನ ಬಣ್ಣನೆ ಕೇಳಲು ಬಂದವರಿಗೆ ಆಕೆ ಬಣ್ಣನೆ ಹೇಳಲಿಲ್ಲ. ನಿಂತುಕೊಂಡು ಒಂದೇ ಉಸಿರಿಗೆ ಹೇಳಿದಳು: "ರೊಟ್ಟಿ ಬಿಡೂದಿಲ್ಲ. ಪ್ಲಾಸ್ಟಿಕ್ ಬಿಡೂದು. ಪುಣೆದ ಗಿರಾಕಿನೂ ಬಿಡೂದು. ಇನ್ನ ಮ್ಯಾಲ ಡಬ್ಬಿ. ಬಾಗೇವಾಡಿ, ಸಿಂದಗಿ, ನಿಡಗುಂದಿ. ಡಬ್ಬಿ ತಿರುಗಿ ಬರೂವಷ್ಟು ದೂರ ಅಷ್ಟ."

ಗದ್ದಲ ಎದ್ದಿತು. ಇಬ್ಬರು ಸೆರಗು ಕೊಡವಿ ಎದ್ದು ಹೋದರು. ಹೋದವರಲ್ಲಿ ಒಬ್ಬಳು ಗೌರವ್ವನ ನಾದಿನಿ. ಗೌರವ್ವ ಕರೆಯಲಿಲ್ಲ, ಬಾಗಿಲು ದಾಟುವವರೆಗೆ ನೋಡುತ್ತಾ ನಿಂತಳು. ಆಗ ಕಾಶವ್ವ ಬಾಯಿ ಬಿಟ್ಟಳು. ಆಕೆ ಗಂಡ ಸತ್ತ ಮೇಲೆ ಈ ರೊಟ್ಟಿಯ ಮೇಲೆಯೇ ಮನೆ ನಡೆಸುವವಳು.

"ಎಲ್ಲಾ ಖರೆ ಗೌರವ್ವ. ಪುಣೆದವರು ತಾವ ಗಾಡಿ ತಂದು ಒಯ್ತಿದ್ರು. ಇನ್ನ ಈ ಡಬ್ಬಿ ಹೊರೂವರು ಯಾರು? ನಾವು ನಸುಕಿನ್ಯಾಗಿಂದ ಒಲಿ ಮುಂದ ಕುಂದ್ರೂದೋ, ಓಣಿ ಓಣಿ ತಿರಗೂದೋ?"

ಸಿಂದಗಿ, ನಿಡಗುಂದಿ ಸಂತೆಗೆ 'ನಾನು ಒಯ್ತೇನಿ' ಎಂದ ಗೌರವ್ವನ ಮಗ. ಬಾಗೇವಾಡಿಗೆ ಯಾರು ಎಂದಾಗ ಎಲ್ಲರೂ ನೆಲ ನೋಡಿದರು. ನಾನೂ ನೆಲ ನೋಡುತ್ತಿದ್ದೆ. ದಿನಾ ಸಂಜೆ ಬಾಗೇವಾಡಿಯ ಬಸ್ಸು ಹತ್ತುವವಳು ಅಲ್ಲಿ ನಾನೊಬ್ಬಳೇ. ಪಾಠ ಮಾಡಿ ಮುಗಿಸಿ, ಒಂದು ಊಟದ ಡಬ್ಬಿ ಬಿಟ್ಟರೆ ಬೇರೇನೂ ಹೊರದೆ, ಕಿಟಕಿಯ ಪಕ್ಕ ಕೂತು ಮನೆಗೆ ಹೋಗುವವಳು.

"ನಾ ಒಯ್ತೇನಿ" ಎಂದೆ.

ಹೇಳುವುದು ಸುಲಭ. ಮರುದಿನ ಸಂಜೆ ತೊಡೆಯ ಮೇಲೆ ತಗಡಿನ ಡಬ್ಬಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಕಂಡಕ್ಟರ್, "ಏನ್ರೀ ಅಕ್ಕೋರ, ಎಣ್ಣಿ ವ್ಯಾಪಾರ ಚಾಲೂ ಮಾಡೀರೇನು?" ಎಂದ. ಇಡೀ ಬಸ್ಸು ತಿರುಗಿ ನೋಡಿತು. ನಮ್ಮ ಓಣಿಯಲ್ಲಿ ಇಳಿದು, ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಯಾರ ಬಾಗಿಲನ್ನೂ ತಟ್ಟದೆ ನೆಟ್ಟಗೆ ಮನೆಗೆ ಹೋದೆ. ನನ್ನ ಯಜಮಾನರು ಮುಚ್ಚಳ ತೆಗೆದು ನೋಡಿ, "ಇಷ್ಟೂ ನಾವಿಬ್ಬರ ತಿನ್ನೂದೇನು?" ಎಂದರು. ತಿಂದೆವು. ಬೆಳಿಗ್ಗೆ ತಿಂದೆವು, ರಾತ್ರಿ ತಿಂದೆವು. ಒಬ್ಬಿಬ್ಬರು ಗೆಳತಿಯರಿಗೆ ಗುಟ್ಟಾಗಿ ಕೊಟ್ಟೆ.

ನಾಲ್ಕು ದಿನ ಬಿಟ್ಟು ಖಾಲಿ ಡಬ್ಬಿಯೊಂದಿಗೆ ಹೋದಾಗ ಗೌರವ್ವ ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡಳು. ಸಂಜೆ ಬಸ್ಸಿನ ಹೊತ್ತಿಗೆ ಎರಡು ಡಬ್ಬಿ ತಂದು ನನ್ನ ಎರಡೂ ಕೈಗೆ ಕೊಟ್ಟಳು.

"ಗೌರವ್ವ, ಒಂದ ಮಾರಾಕ ಆಗಿಲ್ಲ ನನ್ನ ಕಡೆ. ಎರಡು ಯಾಕ್ರಿ?"

"ಅದಕ್ಕರೀ ಅಕ್ಕೋರ. ಒಂದಿದ್ರ ಸೆರಗಿನ್ಯಾಗ ಮುಚ್ಚಿ ಒಯ್ತೀರಿ. ಎರಡು ಮುಚ್ಚಾಕ ಬರೂದಿಲ್ಲ. ಓಣ್ಯಾಗ ನಿಂತು ಒದರಲೇ ಬೇಕು."

ನಮ್ಮ ಓಣಿಯ ಬಾಯಿಗೆ ಬಂದು ನಿಂತೆ. ಎರಡೂ ಕೈ ತುಂಬಿತ್ತು, ಸೆರಗು ಸರಿ ಮಾಡಿಕೊಳ್ಳಲೂ ಬರುವಂತಿರಲಿಲ್ಲ. ಕಟ್ಟೆಯ ಮೇಲೆ ನಿವೃತ್ತ ಹೆಡ್‌ಮಾಸ್ತರರು ಪೇಪರ್ ಓದುತ್ತಿದ್ದರು. ನನ್ನ ಕೈಯಲ್ಲಿ ಕಲಿತ ಹುಡುಗಿಯೊಬ್ಬಳು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಇಷ್ಟು ವರ್ಷ ಗದ್ದಲದ ತರಗತಿಗಳನ್ನು ಒಂದೇ ಕೂಗಿಗೆ ಸುಮ್ಮನಾಗಿಸಿದ ಗಂಟಲು ಏನು ಮಾಡಿದರೂ ಏಳಲೊಲ್ಲದು. ಕಾಶವ್ವ ನಸುಕಿನಲ್ಲಿ ಒಲೆಯ ಮುಂದೆ ಕೂತು ತಟ್ಟಿದ ರೊಟ್ಟಿಯ ಭಾರ ಎರಡೂ ತೋಳುಗಳನ್ನು ಜಗ್ಗುತ್ತಿತ್ತು.

"ರೊಟ್ಟಿ ಬಂದಾವ್ರೀ" ಎಂದೆ. ನನಗೇ ಕೇಳಿಸಲಿಲ್ಲ.

ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಒದರಿದೆ. "ರೊಟ್ಟಿ ಬಂದಾವ್ರೀ! ಕಡಕ್ ರೊಟ್ಟೀ!"

ಮೊದಲನೆಯ ಮನೆಯ ಬಾಗಿಲು ತೆರೆಯಿತು. ಆ ಮನೆಯ ದೇಸಾಯಿ ಕಾಕು ಹೊರಗೆ ಬಂದು ನನ್ನನ್ನು ನೋಡಿದರು, ಡಬ್ಬಿಗಳನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ಆಮೇಲೆ ಒಳಗೆ ಹೋಗಿ ತಾಟು ತಂದರು.